ನಮ್ಮೂರಿನ ನಾಲ್ಕು ಜನ

ಹೋದ ಮಳೆಗಾಲದಿಂದ ಈ ಬೇಸಿಗೆಯವರೆಗೆ ನಮ್ಮೂರಲ್ಲಿ ನಾಲ್ಕು ಜನ ತೀರಿಕೊಂಡರು. ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆಯ ಸಣ್ಣ ಊರು, ಶರಾವತಿ ಹಿನ್ನೀರಿನ ಆಚೆ ದಡ. ಎಲ್ಲಾ ಸೇರಿ ಮೂವತ್ತು ಮನೆ. ಅಷ್ಟು ಸಣ್ಣ ಊರಲ್ಲಿ ಒಂದೇ ವರ್ಷಕ್ಕೆ ನಾಲ್ಕು ಜನ ಹೋದರೆ ಸುಮ್ನೆ ರಸ್ತೆಯಲ್ಲಿ ನಡೆದರೂ ಗೊತ್ತಾಗುತ್ತದೆ. ಈ ಜಗಲಿ ಖಾಲಿ, ಆ ಮನೆಯ ರೇಡಿಯೊ ಕೇಳಿಸಲ್ಲ, "ಯಾವಾಗ ಬಂದ್ಯೋ ತಮ್ಮಾ" ಅಂತ ಕೂಗಿ ಕೇಳುತ್ತಿದ್ದ ದನಿಗಳಲ್ಲಿ ನಾಲ್ಕು ಕಡಿಮೆ.

ನಾನಿರೋದು ಶಿವಮೊಗ್ಗದಲ್ಲಿ. ಸಾವಿನ ಸುದ್ದಿ ಬರೋದು ಊರಿನ ವಾಟ್ಸಾಪ್ ಗುಂಪಿಗೆ. ಹೂವಿನ ಚೌಕಟ್ಟಿನೊಳಗೆ ಒಂದು ಫೋಟೋ, ಕೆಳಗೆ ಸಾಲಾಗಿ "ಓಂ ಶಾಂತಿ", ಮುಗಿದ ಕೈಗಳು. ನಾನೂ ಹಾಕಿದ್ದೇನೆ, ನಾಲ್ಕು ಸಲವೂ. ಆಮೇಲೆ ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಭಾವಪೂರ್ಣ ಶ್ರದ್ಧಾಂಜಲಿ, ಹುಟ್ಟಿದ ವರ್ಷ, ಹೋದ ದಿನ. ಅವರು ದಿನಾ ಏನು ಮಾಡುತ್ತಿದ್ದರು, ಅವರಿಗೆ ಏನೇನು ಗೊತ್ತಿತ್ತು ಅನ್ನೋದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲ್ಲ. ಅದು ನನಗೆ ತಡೆಯಲಿಕ್ಕೆ ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಮನೆಯವರಿಗೆ ಮುಜುಗರ ಆಗಬಾರದು. ಊರಿನವರು ಓದಿದರೆ ಯಾರು ಅಂತ ಅವರಿಗೆ ತಿಳಿಯುತ್ತದೆ.

ಮೊದಲು ಹೋದವರು ಸೂಲಗಿತ್ತಿ ಅಜ್ಜಿ. ನನ್ನ ಹೊಕ್ಕುಳಬಳ್ಳಿ ಕತ್ತರಿಸಿದವರು. ನನ್ನದು, ನನ್ನ ತಂಗಿಯದು, ನಮ್ಮ ಕೇರಿಯಲ್ಲಿ ನಲವತ್ತು ದಾಟಿದ ಹೆಚ್ಚುಕಡಿಮೆ ಎಲ್ಲರದ್ದು. ಆಗ ಹಿನ್ನೀರು ದಾಟಿಸುವ ಲಾಂಚ್ ಸಂಜೆ ನಿಂತರೆ ಮತ್ತೆ ಬೆಳಿಗ್ಗೆಯೇ. ರಾತ್ರಿ ನೋವು ಶುರುವಾದರೆ ಸಾಗರದ ಆಸ್ಪತ್ರೆ ಸೇರಲಿಕ್ಕೆ ಕಾಡಿನ ದಾರಿಯಲ್ಲಿ ದೊಡ್ಡ ಸುತ್ತು ಹೊಡೆಯಬೇಕಿತ್ತು, ಅದಕ್ಕೂ ಮೊದಲು ಒಂದು ಜೀಪು ಸಿಗಬೇಕಿತ್ತು. ಹಾಗಾಗಿ ಎಲ್ಲರೂ ಲಾಟೀನು ಹಿಡಿದು ಹೋಗುತ್ತಿದ್ದುದು ಅಜ್ಜಿಯ ಬಾಗಿಲಿಗೆ. ನಾನು ಹುಟ್ಟಿದ್ದು ಆಷಾಢದ ರಾತ್ರಿ. ಅಜ್ಜಿ ಮಳೆಗೆ ಗೊರಬು ಹಾಕಿಕೊಂಡು, ತುಂಬಿದ ಹಳ್ಳದ ಕಾಲುಸಂಕ ದಾಟಿ ಬಂದರಂತೆ. ಬಂದವರೇ ಗಂಡಸರನ್ನೆಲ್ಲ ಹೊರಗೆ ಕಳಿಸಿ, ಬಚ್ಚಲ ಒಲೆಗೆ ಬೆಂಕಿ ಹಾಕಿಸಿ, ಹಂಡೆ ನೀರು ಕಾಯಲಿಕ್ಕೆ ಬಿಟ್ಟು, ಅಮ್ಮನ ಪಕ್ಕ ಕೂತು ಸುಮ್ನೆ ಮಾತು ಶುರು ಮಾಡಿದರಂತೆ. ನಿನ್ನ ತವರಲ್ಲಿ ಎಷ್ಟು ದನ, ಎಮ್ಮೆ ಈಗ ಹಾಲು ಕೊಡ್ತಾ, ಇಂಥದ್ದೇ. ಆ ಮಾತಿನ ನಡುವೆಯೇ ಕೈ ಹೊಟ್ಟೆ ಮೇಲೆ ಇರುತ್ತಿತ್ತು. ಮಗು ಹೇಗೆ ಮಲಗಿದೆ, ಇನ್ನೆಷ್ಟು ಹೊತ್ತು ಅಂತ ಆ ಕೈಗೆ ತಿಳಿಯುತ್ತಿತ್ತು.

ಅವರ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಗೌರವ ಇರೋದು ಇನ್ನೊಂದು ಕಾರಣಕ್ಕೆ. ತನ್ನ ಕೈ ಮೀರಿದೆ ಅನಿಸಿದರೆ ಅವರು ಒಂದು ಕ್ಷಣವೂ ಮುಚ್ಚಿಡುತ್ತಿರಲಿಲ್ಲ. "ಇದು ನನ್ನಿಂದ ಆಗಲ್ಲ, ದೋಣಿ ಬಿಚ್ಚಿ" ಅಂದುಬಿಡುತ್ತಿದ್ದರು. ಆ ಮಾತಿನಿಂದ ಬದುಕಿದ ತಾಯಂದಿರು ಇವತ್ತೂ ನಮ್ಮೂರಲ್ಲಿದ್ದಾರೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ವಾ, ಆಗ ಟಿವಿಯಲ್ಲಿ ಅವರನ್ನು ನೋಡಿ ನಮ್ಮ ಅಜ್ಜಿ "ನೋಡು, ನನ್ನ ಹಾಗೇ ಒಬ್ಬಳು" ಅಂತ ಎರಡು ದಿನ ಸಿಕ್ಕವರಿಗೆಲ್ಲ ಹೇಳಿದ್ದರು.

2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಸುಮಾರು 2.4 ಕಿಲೋಮೀಟರ್. ಅದಾಗಿ ಒಂದೂವರೆ ತಿಂಗಳಿಗೆ ಅಜ್ಜಿ ಸಾಗರದಲ್ಲಿ ತೀರಿಕೊಂಡರು. ರಾತ್ರಿ ಹನ್ನೊಂದು ಗಂಟೆಗೆ ಆಂಬುಲೆನ್ಸ್ ಎಲ್ಲೂ ನಿಲ್ಲದೆ ಸೇತುವೆ ದಾಟಿ ಬಂತು. ಈಚೆ ದಡದಲ್ಲಿ ಮಳೆಯಲ್ಲಿ ಕಾಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ರಾತ್ರಿ ಹೊಳೆ ದಾಟಲಾಗದ ಊರನ್ನು ಐವತ್ತು ವರ್ಷ ಕಾದವರು ಕೊನೆಗೆ ರಾತ್ರಿಯಲ್ಲೇ ಹೊಳೆ ದಾಟಿ ಮನೆಗೆ ಬಂದರು. ನನ್ನ ಚಿಕ್ಕಮ್ಮ ಅದನ್ನೇ ಹೇಳಿಕೊಂಡು ಅತ್ತರು.

ಎರಡನೆಯವರು ಕೊನೆಗಾರ ಮಾವ, ಅಡಿಕೆ ಗೊನೆ (ನಾವು ಕೊನೆ ಅನ್ನೋದು) ಕೊಯ್ಯುವವರು. ಸಂಬಂಧದಲ್ಲಿ ಮಾವ ಅಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. ಅಡಿಕೆ ತೋಟ ನೋಡದವರಿಗೆ ಸ್ವಲ್ಪ ಹೇಳಬೇಕು. ಅಡಿಕೆ ಮರಕ್ಕೆ ಕೊಂಬೆ ಇಲ್ಲ, ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ, ಮಳೆಗಾಲದಲ್ಲಂತೂ ಪಾಚಿ ಕಟ್ಟಿ ಸೋಪಿನ ಹಾಗೆ ಜಾರುತ್ತದೆ. ಕಾಲಿಗೆ ತಳೆ, ಅಂದರೆ ಎರಡೂ ಪಾದಕ್ಕೆ ಸಿಕ್ಕಿಸುವ ಬಳೆ, ಹಾಕಿಕೊಂಡು ಮರದ ತುದಿಗೆ ಹತ್ತಬೇಕು. ಒಂದೊಂದು ಮರ ಹತ್ತಿ ಇಳಿದು ಮಾಡಿದರೆ ಕೆಲಸ ಸಾಗಲ್ಲ, ಅದಕ್ಕೆ ಮೇಲೆ ಕೂತೇ ಮರವನ್ನು ತೂಗಿ, ಬಾಗಿಸಿ, ಪಕ್ಕದ ಮರದ ತಲೆ ಹಿಡಿದು ಅದಕ್ಕೆ ದಾಟಿಕೊಳ್ಳಬೇಕು. ಮಾವ ಒಮ್ಮೆ ಹತ್ತಿದರೆ ಹತ್ತು ಹನ್ನೆರಡು ಮರ ಮುಗಿಸಿಯೇ ಇಳಿಯುತ್ತಿದ್ದರು. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತಿತ್ತು, ಹಗ್ಗದ ಈ ತುದಿ ಹಿಡಿದು ನಿಲ್ಲುವ ಕೆಲಸ ರಜೆಯಲ್ಲಿ ನನ್ನದು. ನಾನು ಸ್ವಲ್ಪ ಸಡಿಲ ಬಿಟ್ಟರೂ ಮೇಲಿಂದ ಬೈಗುಳ ಬರುತ್ತಿತ್ತು, ಕೊನೆ ನೆಲಕ್ಕೆ ಬಡಿದು ಅಡಿಕೆ ಉದುರಿದರೆ ಹೆಕ್ಕುವ ಹೆಂಗಸರಿಗೆ ಬೆನ್ನು ನೋವು ಅಂತ.

ನಮ್ಮ ತೋಟ ಇಳಿಜಾರಿನಲ್ಲಿದೆ. ಮೇಲಿನ ಸಾಲಿನ ಮರದ ತುದಿಯಿಂದ ಹಿನ್ನೀರು ಕಾಣುತ್ತದೆ. ಲಾಂಚ್ ಆಚೆ ದಡ ಬಿಟ್ಟ ಕೂಡಲೇ ಮಾವ ಅಲ್ಲಿಂದಲೇ ಕೂಗುತ್ತಿದ್ದರು, "ಬಿಡ್ತು, ಬಿಡ್ತು!" ಪೇಟೆಗೆ ಹೋಗುವವರು ಆಗ ಅಂಗಿ ಹಾಕಿಕೊಂಡು ಹೊರಟರೆ ಸಾಕು, ಲಾಂಚ್ ಸಿಗುತ್ತಿತ್ತು. ನಮಗೆ ಅದೇ ಗಡಿಯಾರ.

ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಇದು ಪುಸ್ತಕದ ಲೆಕ್ಕ. ಸುಣ್ಣ ಹಳೆಯದಾಗಿದ್ದರೆ ಲೆಕ್ಕ ಕೈಕೊಡುತ್ತದೆ. ಮಾವ ತನ್ನ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಬೆಳಕಿಗೆ ಹಿಡಿಯುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತಿದ್ದರೆ "ಇನ್ನೊಂದಿಷ್ಟು ಸುಣ್ಣ ಹಾಕು." ಕೂತಿಲ್ಲ ಅಂದರೆ ಸರಿ ಇದೆ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಈ ಪರೀಕ್ಷೆಯನ್ನು ನಾನು ಎಷ್ಟೋ ವರ್ಷದ ಮೇಲೆ ಒಂದು ಕೃಷಿ ಕೈಪಿಡಿಯಲ್ಲಿ ಓದಿದೆ, ಹೆಚ್ಚುಕಡಿಮೆ ಅವರು ಹೇಳಿದ ಹಾಗೇ ಇತ್ತು. ಅವರ ಅಂಗಿಗಳೆಲ್ಲ ಮೈಲುತುತ್ತದ ನೀಲಿ. ಬಿಳಿ ಅಂಗಿಯಲ್ಲಿ ನಾನು ಅವರನ್ನು ನೋಡಿದ್ದು ಮಗಳ ಮದುವೆಯಲ್ಲಿ ಮಾತ್ರ.

ಈಗ ಕಾರ್ಬನ್ ಫೈಬರ್ ದೋಟಿ, ಉದ್ದನೆಯ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ನನಗೆ ಅದು ಬಹಳ ಸಮಾಧಾನದ ವಿಷಯ. ಮರದಿಂದ ಬಿದ್ದು ಸೊಂಟ ಹೋದವರನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ನೋಡಿದ್ದೇವೆ, ಮತ್ತೆ ಯಾರೂ ಹಾಗೆ ಹತ್ತೋದು ಬೇಡ. ಮಾವ ಬೀಳಲಿಲ್ಲ. ಕಾರ್ತಿಕದಲ್ಲಿ, ಕೊಯ್ಲು ಶುರುವಾಗಬೇಕು ಅನ್ನುವಾಗ, ರಾತ್ರಿ ಮಲಗಿದವರು ಏಳಲಿಲ್ಲ.

ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಸೊರಬ, ಶಿಕಾರಿಪುರದ ಕಡೆ, ಕೆರೆ ಏರಿ ಮೇಲೆ, ಗುಡಿ ಪಕ್ಕ ವೀರಗಲ್ಲು ಸಿಗುತ್ತವೆ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವಲಿಂಗದ ಮುಂದೆ ಕೂತಿರೋದು. ಎಷ್ಟೋ ಕಲ್ಲುಗಳು ರಾಜರದ್ದಲ್ಲ, ಊರಿನ ದನ ಬಿಡಿಸಲಿಕ್ಕೆ ಹೋಗಿ ಸತ್ತವರದ್ದು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಂತೂ, ಸುಮಾರು 950ರದ್ದು, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯನ್ನು ನೆನೆಯುತ್ತದೆ. ಆ ಕಾಲದವರು ಒಂದು ನಾಯಿ ಹೇಗೆ ಸತ್ತಿತು ಅನ್ನೋದನ್ನೂ ಮರೆಯಲಿಕ್ಕೆ ಬಿಡಲಿಲ್ಲ. ಕತ್ತಿ ಅದ್ದಿ ಸುಣ್ಣ ಅಳೆಯುತ್ತಿದ್ದ ಮನುಷ್ಯನ ಬಗ್ಗೆ ನಾನು ನಾಲ್ಕು ಸಾಲಾದರೂ ಬರೆಯದಿದ್ದರೆ ಹೇಗೆ?

ಮೂರನೆಯವರು ಲಾಂಚ್ ಕಟ್ಟೆ ಹತ್ತಿರ ಗೂಡಂಗಡಿ ಇಟ್ಟಿದ್ದ ಅಕ್ಕ. ಚಹಾ, ಮಂಡಕ್ಕಿ, ಬಾಳೆಹಣ್ಣು, ಸಿಗಂದೂರಿಗೆ ಹೋಗುವವರಿಗೆ ಹಣ್ಣುಕಾಯಿ. ಲಾಂಚ್ ತಪ್ಪಿದವರೆಲ್ಲ ಅವರ ಬೆಂಚಿನ ಮೇಲೆ ಕೂತವರೇ. ಕಾಲೇಜಿಗೆ ಹೋಗುವ ನಮಗೆ ಬಸ್ಸಿಗೆ ಕಾಸು ಕಡಿಮೆ ಬಿದ್ದರೆ ಡಬ್ಬಿಯಿಂದ ತೆಗೆದು ಕೊಡುತ್ತಿದ್ದರು, ಎಲ್ಲೂ ಬರೆದಿಡುತ್ತಿರಲಿಲ್ಲ. ಸೇತುವೆ ಆದ ಮೇಲೆ ಅಲ್ಲಿ ಕಾಯುವವರೇ ಇಲ್ಲ. ಆದರೂ ಸೇತುವೆ ಬೇಡ ಅಂತ ಅವರು ಒಂದು ದಿನವೂ ಹೇಳಿದ್ದಿಲ್ಲ, "ನನ್ನ ಅಂಗಡಿಗಿಂತ ಬಸುರಿ ಹೆಂಗಸು ದೊಡ್ಡವಳಪ್ಪಾ" ಅಂದಿದ್ದರು. ಫೆಬ್ರವರಿಯಲ್ಲಿ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಹೋದರು. ಆ ಬೆಂಚು ಇನ್ನೂ ಅಲ್ಲೇ ಇದೆ.

ಕೊನೆಯವರು ಮುಳುಗಡೆ ಅಜ್ಜ. ನಮ್ಮ ಕಡೆ ಕಾಲವನ್ನು ಎರಡು ಭಾಗ ಮಾಡಿ ಹೇಳುತ್ತಾರೆ, ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನಿಗೆ ಹದಿಮೂರೋ ಹದಿನಾಲ್ಕೋ. ಅದಕ್ಕೂ ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟಾದಾಗ ಅವರ ಅಪ್ಪ ಒಮ್ಮೆ ಮನೆ ಬಿಟ್ಟು ಮೇಲೆ ಬಂದಿದ್ದರಂತೆ. ಮೇಲೆ ಬಂದು ಕಟ್ಟಿದ ಮನೆಯೂ ಎರಡನೇ ಸಲ ಹೋಯಿತು. ಬಹಳ ಜನರನ್ನು ಲಾರಿಯಲ್ಲಿ ಪಾತ್ರೆ, ದನ, ಬಾಗಿಲು, ತೊಲೆ ಸಮೇತ ಶಿವಮೊಗ್ಗದ ಕಡೆ ಕಾಡಿಗೆ ಒಯ್ದು ಇಳಿಸಿದರು. ಅಜ್ಜನ ಮನೆಯವರು ಹೋಗಲಿಲ್ಲ, ಇನ್ನೂ ಮೇಲೆ ಗುಡ್ಡದ ನೆತ್ತಿಗೆ ಬಂದು ಕೂತರು. ಮುಳುಗಡೆಯಾಗಿ 60 ವರ್ಷ ದಾಟಿತು. ಕೂತ ಜಾಗಕ್ಕೆ ಹಕ್ಕುಪತ್ರ ಇಲ್ಲದ ಕುಟುಂಬಗಳು ಇನ್ನೂ ಇವೆ, ಅಜ್ಜನದ್ದೂ ಅದರಲ್ಲೊಂದು. ಅರ್ಜಿಗಳ ನಕಲನ್ನೆಲ್ಲ ಅಜ್ಜ ಗೊಬ್ಬರದ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಬೇರೆ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಮಕ್ಕಳು ಪೌತಿ ಖಾತೆಗೆ, ಅಂದರೆ ಜಮೀನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿಕ್ಕೆ, ಓಡಾಡುತ್ತಾರೆ. ಇವರ ಮಗನಿಗೆ ಆ ಓಡಾಟವೂ ಇಲ್ಲ, ಬದಲಾಯಿಸಲಿಕ್ಕೆ ಅಪ್ಪನ ಹೆಸರಲ್ಲಿ ಖಾತೆಯೇ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತಲ್ವಾ, ಮರು ಬೇಸಿಗೆಯಲ್ಲಿ ನೀರು ತುಂಬಾ ಕೆಳಗೆ ಹೋಗಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಅಜ್ಜ ನನ್ನನ್ನು ಕರೆದುಕೊಂಡು ಒಡೆದ ಕೆಸರಿನ ಮೇಲೆ ಇಳಿದರು. ಅರವತ್ತು ವರ್ಷ ನೀರಲ್ಲಿದ್ದರೂ ಕೊಳೆಯದ ಮರದ ಬೊಡ್ಡೆಗಳು ಅಲ್ಲಲ್ಲಿ ಕಪ್ಪಗೆ ನಿಂತಿದ್ದವು. ನನಗೆ ಎಲ್ಲಾ ಒಂದೇ ಬಯಲು. ಅಜ್ಜ ಮಾತ್ರ ಊರೊಳಗೆ ನಡೆದ ಹಾಗೆ ನಡೆದರು. ಒಂದು ಕಡೆ ಬಂದು ನಿಂತು, ಚಪ್ಪಲಿ ಬಿಟ್ಟರು. ಯಾಕೆ ಅಂತ ನೋಡಿದರೆ ಕೆಸರಲ್ಲಿ ಎರಡು ಚಪ್ಪಡಿ ಕಲ್ಲು. "ಇದು ನಮ್ಮ ಹೊಸಿಲ ಮುಂದಿನ ಮೆಟ್ಟಿಲು ಕಣೋ," ಅಂದರು. ಅಲ್ಲಿಂದ ಕೈ ತೋರಿಸುತ್ತಾ ಹೋದರು. ಇಲ್ಲಿ ಕೊಟ್ಟಿಗೆ, ಅಲ್ಲಿ ಬಾವಿ, ಆ ಬೊಡ್ಡೆ ಅಪ್ಪೆಮಿಡಿ ಮಾವಿನದ್ದು, ಅದರಾಚೆ ಹೊಳೆಗದ್ದೆ, ಮೇಲೆ ಮಕ್ಕಿ ಗದ್ದೆ, ಅದರ ಬದಿಯಲ್ಲಿ ಭೂತನ ಕಲ್ಲು, ಈ ದಾರಿ ಹಿಡಿದರೆ ಶಾಲೆ. ನಾನು ಜೇಬಲ್ಲಿದ್ದ ಕಾಗದದ ಹಿಂದೆ ಗೀಟು ಹಾಕಿಕೊಂಡೆ. ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬರೆದು ಅಜ್ಜನಿಗೆ ತೋರಿಸಬೇಕು ಅಂದುಕೊಂಡೆ. ಬರೆದೆ. ತೋರಿಸೋದು ಮುಂದಿನ ಸಲ, ಮುಂದಿನ ಸಲ ಅಂತ ಎರಡು ವರ್ಷ ಹೋಯಿತು. ಮೊನ್ನೆ ಯುಗಾದಿ ಕಳೆದು ವಾರಕ್ಕೆ ಅಜ್ಜ ಹೋದರು.

ಅಜ್ಜನ ತಂಗಿ ಒಬ್ಬರಿದ್ದಾರೆ, ಹೊಸನಗರದ ಕಡೆ ಕೊಟ್ಟಿದ್ದು. ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಹೋದ ಭಾನುವಾರ ನೋಟ್‌ಬುಕ್ ತೆಗೆದುಕೊಂಡು ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಗೆರೆ ನೋಡಿದರು. ಆಮೇಲೆ, "ಇದ್ಯಾರು ಹೇಳಿದ್ದು ಬಾವಿ ಅಂಗಳದಲ್ಲಿ ಅಂತ? ಅಣ್ಣಯ್ಯನಾ? ಅವನೆಲ್ಲಿ ನೀರು ಸೇದಿದ್ದಾನೆ! ಬಾವಿ ಇದ್ದದ್ದು ಹಿತ್ತಲಲ್ಲಿ, ಬಚ್ಚಲ ಪಕ್ಕ," ಅಂದರು. ನಾನು ರಬ್ಬರ್ ತೆಗೆದು ಬಾವಿ ಅಳಿಸಿದೆ. ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಬಚ್ಚಲ ಪಕ್ಕ ಒಂದು ಸೊನ್ನೆ ಬರೆದು, ಅದರ ಹತ್ತಿರ ಇನ್ನೊಂದು ಸಣ್ಣ ಸೊನ್ನೆ ಬರೆದರು. ಅದೇನು ಅಂತ ಕೇಳಿದೆ. ಬಟ್ಟೆ ಒಗೆಯುವ ಕಲ್ಲು ಅಂದರು.