ಪಾತ್ರೆ ತಿಕ್ಕುವ ಬಟ್ಟೆಯಿಂದ ಶುರುವಾದ ಹೆಣಿಗೆ

"ಅಷ್ಟು ಕಷ್ಟಪಟ್ಟು ಹೆಣೆದು, ಅದರಲ್ಲಿ ಪಾತ್ರೆ ತಿಕ್ತೀಯಾ?" ಅಂತ ಅಮ್ಮ ಫೋನಿನಲ್ಲಿ ಎರಡು ಸಲ ಕೇಳಿದಳು. ಹೌದಮ್ಮ, ತಿಕ್ಕೋದಕ್ಕೇ ಹೆಣೆಯೋದು.

ನಮ್ಮ ಮನೆಯಲ್ಲಿ ಹೆಣಿಗೆ ಅಂದರೆ ಹುಟ್ಟುವ ಮಗುವಿಗೆ ಕುಲಾವಿ, ಅಪ್ಪನಿಗೊಂದು ಸ್ವೆಟರ್, ಅಷ್ಟೇ. ಪಾತ್ರೆಗೆ ತೆಂಗಿನ ನಾರು ಇತ್ತು, ಹೀರೆಕಾಯಿ ನಾರು ಇತ್ತು. ಇಲ್ಲಿ ಅಮೆರಿಕದ ಮಿನೆಸೋಟಾದಲ್ಲಿ, ಜನವರಿಯ ಮೈನಸ್ 20 ಡಿಗ್ರಿ ಚಳಿಯಲ್ಲಿ ಮನೆಯೊಳಗೇ ಕೂತು ಬೇಜಾರಾಗಿ ಲೈಬ್ರರಿಯ ಹೆಣಿಗೆ ಗುಂಪಿಗೆ ಹೋದೆ. ಸ್ವೆಟರ್ ಕಲೀಬೇಕು ಅಂದೆ. ಅಲ್ಲಿದ್ದ ಅಜ್ಜಿಯೊಬ್ಬರು ಒಂದು ಕಾಟನ್ ನೂಲಿನ ಉಂಡೆ, ಎರಡು ಬಿದಿರು ಕಡ್ಡಿ ಕೈಗಿಟ್ಟು, ಮೊದಲು ಪಾತ್ರೆ ಬಟ್ಟೆ ಮಾಡು ಅಂದರು.

ಉಲ್ಲನ್ ಇದಕ್ಕೆ ಆಗುವುದಿಲ್ಲ, ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತೆ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ ಜಾತಿಯ ನೂಲು, ನೀರು ಹೀರುವುದಿಲ್ಲ, ಕಾದ ಪಾತ್ರೆಗೆ ತಗುಲಿದರೆ ಕರಗುತ್ತೆ. ಕಾಟನ್ ಮಾತ್ರ ನೆನೆದರೆ ಇನ್ನೂ ಬಲವಾಗುತ್ತೆ. ಇಲ್ಲಿ ಜಾಸ್ತಿ ಜನ ಬಳಸುವುದು ಶುಗರ್ ಆ್ಯಂಡ್ ಕ್ರೀಮ್ ಅನ್ನುವ ನೂಲು. ಒಂದು ಬಣ್ಣದ ಉಂಡೆ 71 ಗ್ರಾಂ, 109 ಮೀಟರ್, ಅದರಲ್ಲಿ ಹೆಚ್ಚುಕಡಿಮೆ ಎರಡು ಬಟ್ಟೆ ಆಗುತ್ತೆ. ಕಡ್ಡಿಯ ದಪ್ಪ 4.5 ಮಿಲಿಮೀಟರ್. ಸ್ಟೀಲ್ ಕಡ್ಡಿಯಿಂದ ಕುಣಿಕೆಗಳು ಸರ್ ಅಂತ ಜಾರುತ್ತವೆ, ಬಿದಿರು ಹಿಡಿದಿಟ್ಟುಕೊಳ್ಳುತ್ತೆ, ಹೊಸಬರಿಗೆ ಅದೇ ಒಳ್ಳೆಯದು.

ಈ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಹೆಣೆಯುತ್ತಾರೆ. ನಾಲ್ಕೇ ಕುಣಿಕೆಯಿಂದ ಶುರು. ಮೊದಲ ಸಾಲು ಸುಮ್ನೆ ಹೆಣೆಯಬೇಕು. ಆಮೇಲೆ ಪ್ರತಿ ಸಾಲಿನಲ್ಲೂ ಎರಡು ಕುಣಿಕೆ ಹೆಣೆದು, ನೂಲನ್ನು ಕಡ್ಡಿಯ ಮೇಲೆ ಒಂದು ಸುತ್ತು ಹಾಕಿ, ಉಳಿದದ್ದನ್ನು ಹೆಣೆಯುತ್ತಾ ಹೋದರೆ ಸಾಲಿಗೊಂದು ಕುಣಿಕೆ ಹೆಚ್ಚುತ್ತೆ, ಆ ಸುತ್ತಿನ ಜಾಗದಲ್ಲಿ ಪುಟ್ಟ ಕಿಂಡಿಯೂ ಬೀಳುತ್ತೆ. 44 ಕುಣಿಕೆ ಆದಮೇಲೆ ಇಳಿಸುವುದು: ಒಂದು ಕುಣಿಕೆ ಹೆಣೆ, ಎರಡನ್ನು ಸೇರಿಸಿ ಹೆಣೆ, ಸುತ್ತು ಹಾಕು, ಮತ್ತೆ ಎರಡನ್ನು ಸೇರಿಸು, ಉಳಿದದ್ದು ಮಾಮೂಲಿ. ಮತ್ತೆ ನಾಲ್ಕಕ್ಕೆ ಬಂದಾಗ ಮುಚ್ಚಿಬಿಡುವುದು. ಅಂಚಿನ ಕಿಂಡಿಗಳೇ ಲೆಕ್ಕ ಇಟ್ಟಿರುತ್ತವೆ. ಎಲ್ಲಿ ಕಿಂಡಿ ಇಲ್ಲವೋ ಅಲ್ಲಿ ನಾನು ಸುತ್ತು ಮರೆತಿದ್ದೇನೆ ಅಂತ ಅರ್ಥ. ಎಷ್ಟು ಚಂದ ಅಲ್ವಾ, ತಪ್ಪು ತಾನೇ ಕಣ್ಣಿಗೆ ಬೀಳುತ್ತೆ!

ಎರಡೂ ಕಡೆ ಒಂದೇ ಥರ ಉಬ್ಬು ಗೆರೆಗಳು ಬರುತ್ತವೆ. ತಳ ಹಿಡಿದ ಸಾರಿನ ಪಾತ್ರೆಗೆ ಆ ಗೆರೆಗಳೇ ಕೆಲಸ ಮಾಡುವುದು.

ಮೊದಲ ವಾರ ಬೆರಳು, ಮಣಿಕಟ್ಟು ತುಂಬಾ ನೋಯುತ್ತಿತ್ತು. ಕಾಟನ್ ಉಲ್ಲನ್ನಿನ ಹಾಗೆ ಎಳೆದರೆ ಹಿಗ್ಗುವುದಿಲ್ಲ, ನಾನೋ ಬಿಗಿಯಾಗಿ ಹಿಡಿಯುತ್ತಿದ್ದೆ. ಅಜ್ಜಿ ನೂಲನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ನಾರ್ವೆಯಿಂದ ಬಂದ ಅವರ ಅಜ್ಜಿ ಕಲಿಸಿದ್ದಂತೆ. ಪಕ್ಕದಲ್ಲಿ ಕೂರುವವರು ಬಲಗೈಯಲ್ಲಿ ಹಿಡಿದು ಸುತ್ತುತ್ತಾರೆ. ನನಗೆ ಎಡಗೈಯೇ ಒಗ್ಗಿತು, ನೋವೂ ಕಡಿಮೆಯಾಯಿತು. ನನ್ನ ಮೊದಲ ಬಟ್ಟೆ ಒಂದು ಕಡೆ ಸೊಟ್ಟ ಬಂತು. ಬಿಚ್ಚಲಾ ಅಂತ ಕೇಳಿದೆ. "ಬೇಡ, ಪಾತ್ರೆಗೆ ಗೊತ್ತಾಗಲ್ಲ, ಮುಂದಿನದು ಶುರು ಮಾಡು" ಅಂದರು. ಆ ಮಾತಿಗೇ ನಾನು ಪ್ರತಿ ಗುರುವಾರ ತಪ್ಪದೆ ಹೋಗತೊಡಗಿದೆ. ಮೂರು ವರ್ಷದಿಂದ ಈ ಊರಲ್ಲಿದ್ದೇನೆ, ಬಂದ ತಕ್ಷಣ ಕುರ್ಚಿ ಎಳೆದು ಕೂರು ಅನ್ನುವ ಜಾಗ ನನಗೆ ಸಿಕ್ಕಿದ್ದು ಅಲ್ಲೇ.

ನಮ್ಮ ಅಡುಗೆ ಮಾಡುವವರಿಗೆ ಒಂದು ಮಾತು: ಬಿಳಿ ನೂಲು ತಗೋಬೇಡಿ. ಅರಿಶಿನದ ಕಲೆ ಸುಲಭವಾಗಿ ಹೋಗುವುದಿಲ್ಲ. ನಾನೀಗ ಸಾಸಿವೆ ಹಳದಿ ಬಣ್ಣದ್ದೇ ಕೊಳ್ಳುವುದು. ಕೆಲಸ ಆದಮೇಲೆ ಹಿಂಡಿ, ಬಿಡಿಸಿ ನೇತುಹಾಕಿ, ಒದ್ದೆಯಾಗಿ ಮುದುಡಿ ಇಟ್ಟರೆ ವಾಸನೆ ಬರುತ್ತೆ.

ಅಮ್ಮ ಕೊನೆಗೆ, "ಹಾಗಾದ್ರೆ ನಂಗೊಂದು ಮಸಿಬಟ್ಟೆ ಮಾಡ್ಕೊಂಡು ಬಾ, ಕುಕ್ಕರ್ ಇಳಿಸೋಕೆ" ಅಂದಳು. ಅದಕ್ಕೆ ಎರಡೆಳೆ ಸೇರಿಸಿ, ದಪ್ಪ ಕಡ್ಡಿಯಲ್ಲಿ ಹೆಣೆಯುತ್ತಿದ್ದೇನೆ. ನಿನ್ನೆ ರಾತ್ರಿಗೆ 22 ಕುಣಿಕೆ ಆಗಿದೆ.