ಮ್ಯಾಪ್ ಎಲ್ಲಿ ಅಂತ ಕೇಳಿದ್ದೆ

ಆವತ್ತು ಡಿಸೈನ್ ರಿವ್ಯೂನಲ್ಲಿ ನಮಗೆ ಸಿಕ್ಕಿದ್ದು ಹನ್ನೆರಡೇ ನಿಮಿಷ. ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಡೆಲಿವರಿ ಆ್ಯಪ್‌ನ ರೂಟ್ ಸ್ಕ್ರೀನ್ ತೋರಿಸಿದಳು. ಉದ್ದಕ್ಕೆ ಒಂದು ನೆಟ್ಟಗಿನ ಗೆರೆ, ಅದರ ಮೇಲೆ ಚುಕ್ಕಿಗಳು. ಮುಗಿದ ಸ್ಟಾಪ್‌ಗೆ ತುಂಬಿದ ಚುಕ್ಕಿ, ಬಾಕಿ ಇದ್ದದ್ದಕ್ಕೆ ಖಾಲಿ ಚುಕ್ಕಿ. ಅಷ್ಟೇ.

"ಮ್ಯಾಪ್ ಎಲ್ಲಿ?" ಅಂದೆ.

"ಗಾಡಿಯಲ್ಲಿರೋರಿಗೆ ಮುಂದಿಂದು ಯಾವ ಮನೆ, ಇನ್ನೆಷ್ಟು ಬಾಕಿ, ಇಷ್ಟೇ ಬೇಕು ಸರ್..."

ಅವಳಿಗೆ ಹೇಳುವುದು ಇನ್ನೂ ಇತ್ತು. ಪ್ರಾಡಕ್ಟ್ ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. "ಚೆನ್ನಾಗಿದೆ, ಈ ಸುತ್ತಿನ ಕೆಲಸಕ್ಕೆ ಬೇಡ" ಅಂದುಬಿಟ್ಟೆ. ಚೆನ್ನಾಗಿದೆ ಅಂದಿದ್ದು ಸುಳ್ಳು. ಅದು ಏನು ಅಂತಲೇ ನನಗೆ ಹೊಳೆದಿರಲಿಲ್ಲ. ಅವಳು ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವಳು ವಾದ ಮಾಡಲಿಲ್ಲ. ಗೆರೆ, ಚುಕ್ಕಿ ಎಲ್ಲವನ್ನೂ ಯಾರು ಬೇಕಾದರೂ ಎತ್ತಿ ಬಳಸುವಂಥ ತುಣುಕುಗಳಾಗಿ ಮಾಡಿ, ಎಲ್ಲ ಟೀಮುಗಳಿಗೂ ಸಿಗುವ ಡಿಸೈನ್ ಲೈಬ್ರರಿಗೆ ಹಾಕಿದಳು. ಎಲ್ಲಿ ಬಳಸಬೇಕು, ಎಲ್ಲಿ ಬೇಡ ಅಂತ ಒಂದೊಂದಕ್ಕೂ ನಾಲ್ಕು ಸಾಲು ಬರೆದಳು.

ಮೂರು ತಿಂಗಳಾದ ಮೇಲೆ ವೇರ್‌ಹೌಸ್ ಟೀಮಿನ ಡೆಮೊ. ಪರದೆ ಮೇಲೆ ಅದೇ ಚುಕ್ಕಿಗಳು. ಎಲ್ಲಿಂದ ಬಂತು ಅಂತ ಕೇಳಿದೆ. "ಲೈಬ್ರರಿಯಲ್ಲೇ ಇತ್ತಲ್ಲ, ಸಪೋರ್ಟ್ ಟೀಮೂ ಇದನ್ನೇ ಹಾಕಿದೆ" ಅಂದರು. ನನಗೆ ಮಾತೇ ಹೊರಡಲಿಲ್ಲ. ಆ ಕಡೆ ತಿರುಗಿ ನೋಡಿದರೆ ಅವಳು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದಳು. ಸ್ಟಾಪ್ ಇಪ್ಪತ್ತು ದಾಟಿದರೆ ಚುಕ್ಕಿಗಳು ಒತ್ತಾಗುತ್ತವೆ ಅಂತ.

ಹ್ಯಾರಿ ಬೆಕ್ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಎಂಜಿನಿಯರಿಂಗ್ ಡ್ರಾಫ್ಟ್ಸ್‌ಮನ್ ಆಗಿದ್ದವರು. 1931ರಲ್ಲಿ ಲಂಡನ್ನಿನ ನೆಲದಡಿಯ ರೈಲು ಅಂಡರ್‌ಗ್ರೌಂಡಿಗೆ ನೇರ ಗೆರೆಗಳ ನಕ್ಷೆ ಬರೆದರು. ನೆಲದೊಳಗೆ ಹೋಗುವವರಿಗೆ ದೂರ ಮುಖ್ಯ ಅಲ್ಲ, ಎಲ್ಲಿ ಇಳಿದು ರೈಲು ಬದಲಿಸಬೇಕು ಅನ್ನೋದು ಮುಖ್ಯ. ಮೊದಲು ರೈಲು ಸಂಸ್ಥೆಯವರು ಬೇಡ ಅಂದರು. 1933ರಲ್ಲಿ ಜೇಬಿನ ನಕ್ಷೆಯಾಗಿ ಅಚ್ಚಾಯಿತು, ಜನ ಕೈಗೆತ್ತಿಕೊಂಡರು. ಈಗ ಎಷ್ಟೋ ಊರುಗಳ ಮೆಟ್ರೊ ನಕ್ಷೆ ಅದೇ ದಾರಿಯಲ್ಲಿದೆ. ಇಷ್ಟು ತಿಳಿದಿದ್ದೂ, ಅಂಥದೇ ಗೆರೆ ಎದುರಿಗೆ ಬಂದಾಗ ಮ್ಯಾಪ್ ಕೇಳಿದವನು ನಾನು.

ದೊಡ್ಡ ಹೆಸರು, ದೊಡ್ಡ ಹುದ್ದೆ ಇದ್ದವರೇ ಒಂದು ಕ್ಷೇತ್ರವನ್ನು ತಿದ್ದುತ್ತಾರೆ ಅಂದುಕೊಂಡಿದ್ದೆ. ಇವಳು ಬೇರೆಯವರ ಕೈಗೆ ಸಿಗುವ ಹಾಗೆ ಕೆಲಸ ಇಟ್ಟಳು, ಆಮೇಲೂ ತಿದ್ದುತ್ತಾ ಹೋದಳು. ನಮ್ಮ ಅಪ್ರೈಸಲ್ ಫಾರ್ಮಿನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ! ಎಷ್ಟು ಸ್ಕ್ರೀನ್ ಬಿಡುಗಡೆ ಆಯ್ತು ಅಂತ ಕೇಳ್ತಾರೆ. ನಿನ್ನ ಕೆಲಸ ಎಷ್ಟು ಜನಕ್ಕೆ ಉಪಯೋಗಕ್ಕೆ ಬಂತು ಅಂತ ಕೇಳಲ್ಲ. ಈ ಸಲ ಷರಾ ಜಾಗದಲ್ಲಿ ನಾನೇ ಬರೆದೆ, ಟೀಮುಗಳ ಹೆಸರು ಹಾಕಿ.

ಆ ಡೆಮೊ ಆದ ದಿನವೇ ಹೋಗಿ ಅವಳ ಕ್ಷಮೆ ಕೇಳಿದ್ದೆ. "ಪರವಾಗಿಲ್ಲ ಸರ್, ಇಪ್ಪತ್ತು ದಾಟಿದರೆ ಏನು ಮಾಡೋಣ, ನೋಡ್ತೀರಾ?" ಅಂತ ಕುರ್ಚಿ ಎಳೆದು ಕೊಟ್ಟಳು.