ಐದು ಪಂದ್ಯ, ಎರಡು ಪೀಪಾಯಿ ನೀರು

ನವೆಂಬರ್ 9, 2024, ಶನಿವಾರ
ನ್ಯಾಶ್‌ವಿಲ್

ಮೊಣಕಾಲು ಊದಿಕೊಂಡಿದೆ. ನಿನ್ನೆ ಸಂಜೆ ಒಂದರ ಹಿಂದೊಂದು ಮೂರು ಗೇಮ್ ಷಟಲ್ ಆಡಿದ ಫಲ. ಬೆಳಿಗ್ಗೆಯಿಂದ ಸೋಫಾದಲ್ಲೇ ಬಿದ್ದಿದ್ದೇನೆ, ಮಂಡಿ ಮೇಲೆ ಐಸ್ ಇಟ್ಟುಕೊಂಡು. "ನಿಮ್ಗೆ ನಲವತ್ತೈದು, ಇಪ್ಪತ್ತಲ್ಲ" ಅಂತ ಹೇಳಿ ಹೆಂಡತಿ ಕಾಫಿ ಇಟ್ಟು ಹೋದಳು.

ಫೋನಿನಲ್ಲಿ ತಾರೀಖು ನೋಡಿದೆ. ನವೆಂಬರ್ 9! ಸುವಾನಿ ಹುಡುಗರು ನೆನಪಾದರು.

ಇಲ್ಲಿಂದ ಚಟ್ಟನೂಗಾ ರಸ್ತೆಯಲ್ಲಿ ಹೋಗಿ ಘಾಟಿ ಹತ್ತಿದರೆ ಸುವಾನಿ ಸಿಗುತ್ತದೆ. ಕಾಡಿನ ನಡುವೆ ಕಲ್ಲಿನ ಕಟ್ಟಡಗಳು, ಚರ್ಚಿಗೆ ಸೇರಿದ ಪುಟ್ಟ ಕಾಲೇಜು. ಹೆಸರು ಮಾತ್ರ ದೊಡ್ಡದು, ಯೂನಿವರ್ಸಿಟಿ ಆಫ್ ದ ಸೌತ್. 1899ರಲ್ಲಿ ಇದರ ಅಮೆರಿಕನ್ ಫುಟ್‌ಬಾಲ್ (ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ) ತಂಡ ಆರು ದಿನದಲ್ಲಿ ಐದು ಪಂದ್ಯ ಆಡಿತು. ಐದನ್ನೂ ಗೆದ್ದಿತು. ಎದುರಾಳಿಗಳಿಗೆ ಒಂದು ಪಾಯಿಂಟೂ ಬಿಟ್ಟುಕೊಡಲಿಲ್ಲ.

ಇದನ್ನು ಎಲ್ಲರೂ ಶೌರ್ಯದ ಕಥೆಯ ಹಾಗೆ ಹೇಳುತ್ತಾರೆ. ನನಗೆ ಇದು ಜಾಸ್ತಿ ದುಡ್ಡಿನ ಕಥೆಯ ಹಾಗೆ ಕಾಣುತ್ತದೆ. ನಮ್ಮೂರಿನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಜೊತೆ ಟಿಕೆಟ್ ಹಣ ಹಂಚಿಕೊಳ್ಳುವ ವಿಷಯಕ್ಕೆ ಜಗಳವಾಗಿ ಆ ವರ್ಷದ ಪಂದ್ಯ ನಿಂತುಹೋಯಿತು. ಒಳ್ಳೆ ಕಲೆಕ್ಷನ್ ಆಗುತ್ತಿದ್ದ ಪಂದ್ಯವೇ ಅದು. ತಂಡದ ಮ್ಯಾನೇಜರ್ ಲ್ಯೂಕ್ ಲೀ, ತಾನೂ ವಿದ್ಯಾರ್ಥಿಯೇ, ಒಂದೇ ರೈಲು ಪ್ರಯಾಣಕ್ಕೆ ಐದು ಪಂದ್ಯ ಪೋಣಿಸಿಬಿಟ್ಟ. ಹೋಗಿ ಬರುವುದಕ್ಕೆ ಸುಮಾರು 2,500 ಮೈಲಿ.

ಎದುರಾಳಿಗಳೆಲ್ಲ ಯೂನಿವರ್ಸಿಟಿ ತಂಡಗಳೇ. ನವೆಂಬರ್ 9ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಾಸ್, 12-0. 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ, 10-0. 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್, 23-0. ಭಾನುವಾರ ಆಟವಿಲ್ಲ. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್, 34-0. 14ಕ್ಕೆ ಮೆಂಫಿಸ್‌ನಲ್ಲಿ ಮಿಸಿಸಿಪಿ, 12-0. ರಾತ್ರಿಯೆಲ್ಲ ರೈಲು, ಹಗಲು ಗುದ್ದಾಟ. ಗುದ್ದಾಟವೇ ಸರಿ. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗೆ ಇರಲಿಲ್ಲ, ಅದಕ್ಕೆ ಅವಕಾಶ ಸಿಕ್ಕಿದ್ದು 1906ರಲ್ಲಿ. ಅಲ್ಲಿಯವರೆಗೆ ಚೆಂಡು ಅವುಚಿಕೊಂಡು ಗುಂಪಿನೊಳಗೆ ನುಗ್ಗುವುದೇ ಆಟ. ಕ್ಯಾಪ್ಟನ್ ಸೀಬೆಲ್ಸ್ ಮೊದಲ ಪಂದ್ಯದಲ್ಲೇ ತಲೆ ಒಡೆದುಕೊಂಡ, ಆದರೂ ಆಟ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಸನದಿಂದ ಅಪ್ಪ ಫೋನ್ ಮಾಡಿದರು. ಮಲಗುವ ಮುಂಚೆ ಒಂದು ಸಲ ಮಾಡೇ ಮಾಡುತ್ತಾರೆ. ಇದನ್ನೆಲ್ಲ ಹೇಳಿದೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿದವರು, ಅಂಕಗಳ ಮೇಲೆ ಅವರಿಗೆ ಆಸಕ್ತಿಯಿಲ್ಲ.

"ನೀರಿಗೇನ್ ಮಾಡಿದ್ರಂತೋ?"

"ಊರಿನ ಒರತೆ ನೀರನ್ನೇ ಎರಡು ಪೀಪಾಯಿ ರೈಲಿಗೆ ಹೇರ್ಕೊಂಡು ಹೋಗಿದ್ರಂತಪ್ಪ. ಷೂಗಳನ್ನೇ ಸ್ಟೇಷನ್‌ನಲ್ಲಿ ಬಿಟ್ಟು ಹೋಗ್ಬಿಟ್ಟಿದ್ರು. ಆಮೇಲೆ ಟೆಲಿಗ್ರಾಂ ಕೊಟ್ಟು ಹಿಂದಿನ ರೈಲಲ್ಲಿ ತರಿಸ್ಕೊಂಡ್ರು."

ಅಪ್ಪ ತುಂಬಾ ಹೊತ್ತು ನಕ್ಕರು. ಧರ್ಮಸ್ಥಳಕ್ಕೆ ಹೋಗುವಾಗಲೂ ಮನೆಯಿಂದ ಕ್ಯಾನಿನಲ್ಲಿ ಕಾಯಿಸಿದ ನೀರು ಒಯ್ಯುವ ಮನುಷ್ಯ. "ಬುದ್ಧಿವಂತ್ರು ಕಣೋ" ಅಂದರು. ಷೂ ವಿಷಯ ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಆ ಸೀಸನ್‌ನಲ್ಲಿ ಒಟ್ಟು 12 ಪಂದ್ಯ, 12 ಗೆಲುವು. 322 ಪಾಯಿಂಟ್ ಗಳಿಸಿ ಬಿಟ್ಟುಕೊಟ್ಟದ್ದು ಬರೀ 10. ಆ ಹತ್ತೂ ಅಲಬಾಮಾದ ಆಬರ್ನ್ ಕಾಲೇಜಿನದು. ಆಗ ಆಬರ್ನ್‌ಗೆ ಕೋಚ್ ಆಗಿದ್ದವನು ಜಾನ್ ಹೈಸ್‌ಮನ್, ಈಗ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ದೊಡ್ಡ ಟ್ರೋಫಿ ಇದೆಯಲ್ಲ, ಅವನ ಹೆಸರಿನದೇ. ಆ ಪಂದ್ಯ 11-10. ಒಂದೇ ಪಾಯಿಂಟಿನಲ್ಲಿ ಬಚಾವು.

ಲ್ಯೂಕ್ ಲೀ ಆಮೇಲೆ ಅಮೆರಿಕದ ಸೆನೆಟರ್ ಆದ. 1919ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ನೆದರ್‌ಲ್ಯಾಂಡ್ಸ್‌ಗೆ ಹೋಗಿ, ಅಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರನನ್ನೇ ಎತ್ತಿಕೊಂಡು ಬರಲು ನೋಡಿದ! ಆಗಲಿಲ್ಲ. ಆದರೆ ಷೂ ಬಿಟ್ಟುಬಂದರೂ ಐದು ಪಂದ್ಯ ಆಡಿಸಿದವನು ಇಂಥದ್ದಕ್ಕೆ ಕೈಹಾಕಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಅಪ್ಪನಿಗೆ ಹೇಳದೆ ಬಿಟ್ಟದ್ದು ಒಂದಿದೆ. ತಂಡದ ಫುಲ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವವನು, ಆರ್ಮಂಡ್ ಸಿಮ್ಕಿನ್ಸ್. ಆಟದಲ್ಲಿ ಆದ ಪೆಟ್ಟುಗಳಿಂದಲೇ ಮುಂದೆ ಅವನ ಎರಡೂ ಕಾಲು ತೆಗೆಯಬೇಕಾಯಿತು. ಗೆಲುವಿನ ಕಥೆ ಹೇಳುವವರು ಇವನ ಹತ್ತಿರ ಬಂದಾಗ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನಾನೂ ಇಷ್ಟು ದಿನ ಹಾಗೇ ಓದಿಕೊಂಡು ಹೋಗಿದ್ದೆ.

ಐಸ್ ಕರಗಿ ಸೋಫಾ ಒದ್ದೆಯಾಗಿದೆ. ನಾಳೆ ಆಟಕ್ಕೆ ಬರಲ್ಲ ಅಂತ ಗ್ರೂಪಿನಲ್ಲಿ ಹಾಕಿದೆ.